ಸಾಲದಲ್ಲಿ ಮನೆ ಹೋದ ಮೇಲೆ ಬಾಡಿಗೆ ಮನೆ ಹಿಡಿಯುವುದು

ವ್ಯಾಪಾರ ಮುಳುಗಿ, ಕಂತು ಕಟ್ಟಲಾಗದೆ, ಇದ್ದ ಮನೆಯೂ ಹರಾಜಿಗೆ ಬಂದವರು ಮೊದಲು ಕೇಳುವುದು ಒಂದೇ: "ಸಿಬಿಲ್ ಹಾಳಾಗಿದೆ, ನಮಗೆ ಯಾರು ಮನೆ ಕೊಡ್ತಾರೆ?" ಬೆಂಗಳೂರಾಗಲಿ, ಮೈಸೂರು, ಹುಬ್ಬಳ್ಳಿಯಾಗಲಿ, ಕೆಳಗೆ ತಾವಿದ್ದು ಮೇಲಿನ ಪೋರ್ಷನ್ ಬಾಡಿಗೆಗೆ ಕೊಡುವ ಓನರ್ ಸಿಬಿಲ್ ನೋಡುವುದಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಖಾಸಗಿ ವ್ಯಕ್ತಿಯೊಬ್ಬರು ನಿಮ್ಮ ಸಾಲದ ವರದಿ ತೆಗೆಸಲೂ ಆಗದು. ಅವರ ತಲೆಯಲ್ಲಿರುವುದು ಎರಡು ಭಯ. ತಿಂಗಳ ಬಾಡಿಗೆ ತಪ್ಪುತ್ತದೆಯೇ? ಗೇಟಿನ ಮುಂದೆ ಯಾರಾದರೂ ಬಂದು ಗಲಾಟೆ ಮಾಡುತ್ತಾರೆಯೇ? ಈ ಎರಡಕ್ಕೂ ಉತ್ತರ ಸಿದ್ಧವಿದ್ದರೆ ಮನೆ ಸಿಗುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ ನಿಮ್ಮ ಕಡೆಯದು: ಕೈಯಲ್ಲಿ ಉಳಿದಿರುವ ಸ್ವಲ್ಪ ಹಣ ಅಡ್ವಾನ್ಸಿನಲ್ಲೋ ಭೋಗ್ಯದಲ್ಲೋ ಸಿಕ್ಕಿಬೀಳದಂತೆ ನೋಡಿಕೊಳ್ಳುವುದು.

ಕಾನೂನಿನ ಲೆಕ್ಕದಲ್ಲಿ ನೀವು ಎಲ್ಲಿದ್ದೀರಿ

ಮಾತಿನಲ್ಲಿ ಎಲ್ಲರೂ "ದಿವಾಳಿ ಆದೆವು" ಎನ್ನುತ್ತಾರೆ. ಆದರೆ ಹೆಚ್ಚಿನವರನ್ನು ಯಾವ ನ್ಯಾಯಾಲಯವೂ ದಿವಾಳಿ ಎಂದು ಘೋಷಿಸಿರುವುದಿಲ್ಲ. 90 ದಿನ ಕಂತು ನಿಂತು ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗಿರುತ್ತದೆ, ಇಲ್ಲವೇ ಒಂದೇ ಬಾರಿಗೆ ಒಂದಿಷ್ಟು ಕಟ್ಟಿ ಸೆಟಲ್‌ಮೆಂಟ್ ಆಗಿರುತ್ತದೆ, ಇಲ್ಲವೇ ಅಡಮಾನದ ಮನೆ ಹರಾಜಾಗಿರುತ್ತದೆ. ಇಂಥವರು ಬಾಡಿಗೆ ಮನೆ ಹಿಡಿಯುವುದಕ್ಕೆ ಕಾನೂನಿನ ಅಡ್ಡಿ ಒಂದೂ ಇಲ್ಲ.

ಎರಡು ಗುಂಪಿನವರು ಮಾತ್ರ ಸ್ವಲ್ಪ ಎಚ್ಚರವಾಗಿರಬೇಕು. ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದವರ ಮೇಲೆ 2016ರ ದಿವಾಳಿ ಸಂಹಿತೆ 2019ರ ಡಿಸೆಂಬರ್ 1ರಿಂದ ಅನ್ವಯವಾಗುತ್ತಿದೆ. ಅವರ ಪ್ರಕರಣ ಕಂಪನಿ ವ್ಯವಹಾರಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯಲ್ಲಿ ನಡೆಯುತ್ತದೆ. ಅಲ್ಲಿ ವಸೂಲಿಗೆ ಸಿಗುವ ತಡೆ ಹಳೆಯ ಸಾಲಕ್ಕೆ ಮಾತ್ರ. ಹೊಸ ಮನೆಯ ಬಾಡಿಗೆ ಅದರೊಳಗೆ ಬರುವುದಿಲ್ಲ, ತಪ್ಪದೆ ಕಟ್ಟಲೇಬೇಕು. ಉಳಿದ ವ್ಯಕ್ತಿಗಳು ಜಿಲ್ಲಾ ನ್ಯಾಯಾಲಯಕ್ಕೆ ಹೋಗಿದ್ದರೆ ಅವರಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅದರ 72ನೇ ಕಲಮಿನ ಪ್ರಕಾರ, ದಿವಾಳಿ ಎಂದು ಘೋಷಿತನಾಗಿ ಇನ್ನೂ ಬಿಡುಗಡೆ ಪಡೆಯದವನು, ವಿಷಯ ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ತೆಗೆದುಕೊಂಡರೆ ಅಪರಾಧ. ಆರು ತಿಂಗಳವರೆಗೆ ಸಜೆ ಆಗಬಹುದು. ಅಡ್ವಾನ್ಸ್ ಕೊಟ್ಟು, ಬಾಡಿಗೆಯನ್ನು ತಿಂಗಳ ಆರಂಭದಲ್ಲೇ ಕಟ್ಟಿ ಇರುವುದು ಸಾಲವಲ್ಲ. "ಮೂರು ತಿಂಗಳು ಬಿಟ್ಟು ಒಟ್ಟಿಗೆ ಕೊಡುತ್ತೇನೆ" ಎಂಬ ಒಪ್ಪಂದ ಮಾಡಿಕೊಂಡರೆ ಅದು ಸಾಲವೆನಿಸಿಕೊಳ್ಳಬಹುದು. ಈ ಸ್ಥಿತಿಯಲ್ಲಿರುವವರು ವಕೀಲರಿಗೆ ಕರಾರು ತೋರಿಸಿಯೇ ಸಹಿ ಹಾಕಿ.

ಮನೆ ಹರಾಜಿನ ದಾರಿಯಲ್ಲಿದ್ದರೆ

ಹುಡುಕಾಟ ಯಾವಾಗ ಶುರು ಮಾಡಬೇಕು ಎಂಬುದರಲ್ಲಿ ತುಂಬ ಜನ ಸೋಲುತ್ತಾರೆ. ಅಡಮಾನದ ಆಸ್ತಿಯನ್ನು ಬ್ಯಾಂಕು ತಾನೇ ವಶಕ್ಕೆ ಪಡೆದು ಮಾರಲು ಬಿಡುವ ಸರ್ಫೇಸಿ ಕಾಯಿದೆಯ ಹಾದಿ ಹೀಗಿದೆ: ಮೊದಲು ಬಾಕಿ ಕಟ್ಟಿ ಎಂಬ 13(2) ನೋಟಿಸ್, ಅದಕ್ಕೆ 60 ದಿನದ ಗಡುವು. ಆಮೇಲೆ ಸ್ವಾಧೀನದ ನೋಟಿಸ್. ಅದನ್ನು ಬಾಗಿಲಿಗೆ ಅಂಟಿಸುತ್ತಾರೆ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಹಾಕಿಸುತ್ತಾರೆ. ಅದರಲ್ಲಿ ಒಂದು ಕನ್ನಡ ಪತ್ರಿಕೆ. ಈ ಹಂತದಲ್ಲಿ ಸ್ವಾಧೀನ ಬಹುಮಟ್ಟಿಗೆ ಕಾಗದದ ಮೇಲಷ್ಟೇ. ಮನೆಯೊಳಗೆ ನೀವೇ ಇರುತ್ತೀರಿ. ಬೀಗ ಹಾಕಬೇಕಾದರೆ ಬ್ಯಾಂಕು ಸಾಮಾನ್ಯವಾಗಿ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಆದೇಶ ತರುತ್ತದೆ. ಆ ಆದೇಶಕ್ಕೆ ಕಾಯಿದೆ ಕೊಟ್ಟಿರುವ ಅವಧಿ 30 ದಿನ, ಕಾರಣ ಬರೆದು 60 ದಿನದವರೆಗೆ. ಮೊದಲ ಹರಾಜಿಗೆ 30 ದಿನದ ನೋಟಿಸ್ ಕೊಡಬೇಕು. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸುವುದಿದ್ದರೆ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) 45 ದಿನದೊಳಗೆ ಹೋಗಬೇಕು.

ಸ್ವಾಧೀನದ ನೋಟಿಸ್ ಬಾಗಿಲಿಗೆ ಅಂಟಿದ ವಾರವೇ ಮನೆ ಹುಡುಕಲು ಹೊರಡಿ. ಕೇಸಿನಲ್ಲಿ ತಡೆ ಸಿಗಬಹುದು, ಕಡತ ತಿಂಗಳುಗಟ್ಟಲೆ ಮಲಗಬಹುದು ಎಂದು ಕಾದು ಕುಳಿತವರು ಕೊನೆಗೆ ಒಂದೇ ದಿನದಲ್ಲಿ ಸಾಮಾನು ಬೀದಿಗಿಟ್ಟು, ಯಾವ ಮನೆ ಸಿಕ್ಕರೂ ಸರಿ ಎಂದು ದುಪ್ಪಟ್ಟು ಅಡ್ವಾನ್ಸ್ ಕೊಟ್ಟು ಒಳಗೆ ಹೋಗುತ್ತಾರೆ. ನಿಮ್ಮ ಕೈಯಲ್ಲಿ ಮನೆಯ ಕೀಲಿ ಇರುವಾಗ ಚೌಕಾಸಿ ಮಾಡುವುದೇ ಬೇರೆ. ನೋಟಿಸ್ ಬೀದಿಯವರೆಲ್ಲರ ಕಣ್ಣಿಗೆ ಬಿದ್ದಿರುವುದರಿಂದ, ಮಕ್ಕಳ ಶಾಲೆಗೆ ತೊಂದರೆ ಆಗದಷ್ಟು ದೂರದ, ಎರಡು ಮೂರು ಕಿಲೋಮೀಟರ್ ಆಚೆಯ ಬಡಾವಣೆ ನೋಡುವುದು ಒಳ್ಳೆಯದು.

ಆದೇಶ ಬಂದ ದಿನಕ್ಕೆ ಕಾಯದೆ ಮೊದಲೇ ಹೊರಗೆ ತೆಗೆದಿಡಬೇಕಾದವು: ಮಕ್ಕಳ ಅಂಕಪಟ್ಟಿ, ಟಿಸಿ, ರೇಷನ್ ಕಾರ್ಡ್, ಗ್ಯಾಸ್ ಪುಸ್ತಕ, ಆಧಾರ್, ಔಷಧಿ, ವೈದ್ಯಕೀಯ ಕಡತ, ಕೆಲಸದ ಸಲಕರಣೆ. ಅಡಮಾನವಾಗಿರುವುದು ಮನೆ, ಒಳಗಿನ ಸಾಮಾನು ನಿಮ್ಮದೇ. ಆದರೆ ಒಮ್ಮೆ ಬೀಗ ಬಿದ್ದರೆ ಪಟ್ಟಿ ಮಾಡಿಸಿ, ಅರ್ಜಿ ಕೊಟ್ಟು, ದಿನ ಗೊತ್ತುಮಾಡಿಕೊಂಡು ತರಬೇಕಾಗುತ್ತದೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹರಾಜಿನಲ್ಲಿ ಬಂದ ಹಣದಲ್ಲಿ ಬ್ಯಾಂಕಿನ ಬಾಕಿ, ಖರ್ಚು, ಬೇರೆ ಹಕ್ಕುದಾರರ ಪಾಲು ಕಳೆದು ಮಿಕ್ಕಿದ್ದು ನಿಮ್ಮದು; 13(7)ನೇ ಕಲಮು ಹಾಗೆ ಹೇಳುತ್ತದೆ. ಹರಾಜಾದ ಮೇಲೆ ಲೆಕ್ಕಪತ್ರ ಕೊಡಿ ಎಂದು ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸ ಮನೆಯ ಅಡ್ವಾನ್ಸ್ ಅಲ್ಲಿಂದಲೇ ಹುಟ್ಟಬಹುದು.

ಸಂಬಳದ ಹಣ ಎಲ್ಲಿ ಬೀಳುತ್ತದೆ

ಸಾಲ ಬಾಕಿ ಇರುವ ಬ್ಯಾಂಕಿನಲ್ಲೇ ಸಂಬಳದ ಖಾತೆ ಇದ್ದರೆ, ಆ ಬ್ಯಾಂಕು ಖಾತೆಯಲ್ಲಿರುವ ಹಣವನ್ನು ತನ್ನ ಬಾಕಿಗೆ ಹೊಂದಿಸಿಕೊಳ್ಳಬಹುದು, ಇಲ್ಲವೇ ಖಾತೆಗೆ ತಡೆ ಹಾಕಬಹುದು. ಅಡ್ವಾನ್ಸಿಗೆಂದು ಕೂಡಿಸಿದ 80,000 ಹೀಗೆ ಒಂದು ಬೆಳಿಗ್ಗೆ ಮಾಯವಾದರೆ, ಮನೆ ಮಾತಾಡಿ ಬಂದವರು ಓನರ್ ಎದುರು ನಿಲ್ಲುವುದು ಕಷ್ಟ. ಆದ್ದರಿಂದ ಮೊದಲ ಕೆಲಸ: ಯಾವ ಸಾಲವೂ ಇಲ್ಲದ ಬೇರೆ ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದು ಸಂಬಳವನ್ನೋ ವ್ಯಾಪಾರದ ಯುಪಿಐ ಹಣವನ್ನೋ ಅಲ್ಲಿಗೆ ತಿರುಗಿಸುವುದು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ನ್ಯಾಯಾಲಯ ಕೇಳಿದರೆ ಖಾತೆಯ ವಿವರ ಕೊಡಬೇಕು, ಕೊಡಿ. ಮಿತ್ರರ ಖಾತೆಯಲ್ಲಿ ಹಣ ಇಡಬೇಡಿ. ಹಣ ಕಳೆದುಕೊಳ್ಳುವ ಅಪಾಯವೂ ಇದೆ, ಸಾಲ ಕೊಟ್ಟವರಿಂದ ಆಸ್ತಿ ಬಚ್ಚಿಟ್ಟ ಆರೋಪವೂ ಬರುತ್ತದೆ.

ಹೊಸ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟೇ ಓನರ್‌ಗೆ ತೋರಿಸಲು ನಿಮ್ಮ ಬಲವಾದ ಕಾಗದ. ಹಳೆ ಖಾತೆಯ ಸ್ಟೇಟ್‌ಮೆಂಟಿನ ತುಂಬ ಬೌನ್ಸ್ ಆದ ಕಂತುಗಳ ಸಾಲೇ ಇರುತ್ತದೆ. ಅದನ್ನು ನೋಡಿದ ಯಾರಿಗಾದರೂ ಗಾಬರಿ ಆಗುತ್ತದೆ.

ಬಾಕಿ ಕಟ್ಟಬೇಕೆಂದು ನ್ಯಾಯಾಲಯದ ಡಿಕ್ರಿ (ತೀರ್ಪಿನ ಆದೇಶ) ಆಗಿ ಸಂಬಳ ಜಪ್ತಿಯ ಹಂತಕ್ಕೆ ಬಂದಿದ್ದರೆ ಲೆಕ್ಕ ಹೀಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗಕ್ಕೆ ರಕ್ಷಣೆ ಇದೆ. 45,000 ಸಂಬಳವಾದರೆ 44,000ದ ಮೂರನೇ ಒಂದು ಭಾಗ, ಸುಮಾರು 14,667, ಜಪ್ತಿಗೆ ಹೋಗಬಹುದು. ಕೈಗೆ 30,333 ಉಳಿಯುತ್ತದೆ. ಬಾಡಿಗೆ ಗೊತ್ತುಮಾಡುವಾಗ 45,000ವನ್ನು ನೋಡಬೇಡಿ, 30,333ನ್ನು ನೋಡಿ. ಭವಿಷ್ಯ ನಿಧಿ, ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಕುಶಲಕರ್ಮಿಯ ಸಲಕರಣೆ ಜಪ್ತಿಯಾಗುವಂತಿಲ್ಲ.

ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು

ಬಾಡಿಗೆ, ನೀರು, ಮೇಂಟೆನೆನ್ಸ್ ಮೂರೂ ಸೇರಿ ಕೈಗೆ ಬರುವ ಹಣದ ಮೂರನೇ ಒಂದು ಭಾಗ ದಾಟದಿರಲಿ. ಸೆಟಲ್‌ಮೆಂಟ್ ಕಂತು ಇನ್ನೂ ನಡೆಯುತ್ತಿದ್ದರೆ ಕಾಲು ಭಾಗಕ್ಕೆ ನಿಲ್ಲಿಸಿ. ಹಿಂದೆ ಸ್ವಂತ ಮೂರು ರೂಮಿನ ಮನೆಯಲ್ಲಿ ಇದ್ದವರಿಗೆ ಒಂದು ರೂಮಿನ ಪೋರ್ಷನ್‌ಗೆ ಮನಸ್ಸು ಒಪ್ಪುವುದಿಲ್ಲ. ಆದರೆ ಎರಡನೇ ಬಾರಿ ಬಾಡಿಗೆ ಬಾಕಿ ಬಿದ್ದು ಮನೆ ಬಿಡುವುದು ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಬ್ಯಾಂಕಿನ ಕಥೆ ಓನರ್‌ಗೆ ತಿಳಿಯದಿರಬಹುದು, ಹಿಂದಿನ ಓನರ್‌ನ ಫೋನ್ ನಂಬರ್ ಅವರು ಕೇಳಿಯೇ ಕೇಳುತ್ತಾರೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ವಾಡಿಕೆಯಾಗಿತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರು ಬಹಳ, ಕೆಲವು ಕಡೆ ಎರಡು ಮೂರಕ್ಕೂ ಸಿಗುತ್ತದೆ. 2021ರ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ ಎಂದು ಓನರ್ ಎದುರು ವಾದಿಸಿ ಫಲವಿಲ್ಲ. ಅದು ಕೇಂದ್ರ ಕೊಟ್ಟ ಮಾದರಿ ಮಾತ್ರ. ರಾಜ್ಯ ತನ್ನ ಕಾಯಿದೆಯಾಗಿ ತರದ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ.

ವಾದದ ಬದಲು ಲೆಕ್ಕ ಮುಂದಿಡಿ. ಅಡ್ವಾನ್ಸಿನಲ್ಲಿ 50,000 ಕಡಿಮೆ ಮಾಡಿಸಿಕೊಂಡು ಬಾಡಿಗೆಗೆ 500 ಸೇರಿಸಿ ಎಂದರೆ ಓನರ್‌ಗೆ ಆ ಮೊತ್ತದ ಮೇಲೆ ವರ್ಷಕ್ಕೆ ಶೇ. 12ರ ಲಾಭ. ನಿಮಗೂ ಇದು ದುಬಾರಿಯಲ್ಲ: ಅಡ್ವಾನ್ಸಿಗೆಂದು ತಿಂಗಳಿಗೆ ಶೇ. 3ರ ಕೈಸಾಲ ತಂದರೆ ಅದೇ 50,000ಕ್ಕೆ ತಿಂಗಳಿಗೆ 1,500 ಬಡ್ಡಿ ಬೀಳುತ್ತದೆ. ಇನ್ನೊಂದು ದಾರಿ, ಅರ್ಧ ಈಗ, ಉಳಿದರ್ಧ ಐದು ಕಂತುಗಳಲ್ಲಿ ಬಾಡಿಗೆಯ ಜೊತೆ. ಇದನ್ನು ಕರಾರಿನಲ್ಲಿ ತಾರೀಖು ಸಮೇತ ಬರೆಸಿ. ಬಾಯಿಮಾತಿನಲ್ಲಿ ಬಿಟ್ಟರೆ ಎರಡನೇ ತಿಂಗಳಿಗೇ ಜಗಳ. ಅಡ್ವಾನ್ಸ್ ಕಡಿಮೆ ಇರುವುದು ಇನ್ನೊಂದು ಕಾರಣಕ್ಕೂ ಕ್ಷೇಮ: ಓನರ್ ಬಳಿ ಇರುವ ನಿಮ್ಮ ಠೇವಣಿಯನ್ನು ಡಿಕ್ರಿ ಪಡೆದ ಸಾಲ ಕೊಟ್ಟವರು ನ್ಯಾಯಾಲಯದ ಮೂಲಕ ಜಪ್ತಿ ಮಾಡಿಸಲು ಅವಕಾಶವಿದೆ. ಹಾಗಾದಾಗ ಓನರ್ ಹೆಸರಿಗೂ ನೋಟಿಸ್ ಹೋಗುತ್ತದೆ.

ಅಡ್ವಾನ್ಸನ್ನೇ ಸಾಲವಾಗಿ ಕೊಡುವ ಆ್ಯಪ್‌ಗಳು, "ಜೀರೋ ಡೆಪಾಸಿಟ್" ಯೋಜನೆಗಳು ನಿಮಗಲ್ಲ. ಅವುಗಳಲ್ಲಿ ಅನೇಕದರ ಹಿಂದೆ ಒಂದು ಸಾಲದ ಕಂಪನಿ ಇರುತ್ತದೆ, ವರದಿ ತೆಗೆದು ತಿರಸ್ಕರಿಸುತ್ತದೆ, ಆ ವಿಚಾರಣೆಯೂ ನಿಮ್ಮ ವರದಿಯಲ್ಲಿ ದಾಖಲಾಗುತ್ತದೆ.

ಭೋಗ್ಯದ ಆಸೆ

ಮನೆ ತಾವೇ ಮಾರಿ ಸಾಲ ತೀರಿಸಿ, ಎಂಟು ಹತ್ತು ಲಕ್ಷ ಉಳಿಸಿಕೊಂಡವರಿಗೆ ಎಲ್ಲರೂ ಕೊಡುವ ಸಲಹೆ: "ಭೋಗ್ಯಕ್ಕೆ ಹಾಕಿಬಿಡಿ, ಬಾಡಿಗೆ ಚಿಂತೆ ಇರಲ್ಲ." ನಮ್ಮ ಅಭಿಪ್ರಾಯ ಸ್ಪಷ್ಟ: ಈ ಸ್ಥಿತಿಯಲ್ಲಿ ಭೋಗ್ಯ ಬೇಡ. ದೊಡ್ಡ ಮೊತ್ತ ಒಟ್ಟಿಗೆ ಬೇಕು ಎಂದು ಮನೆ ಭೋಗ್ಯಕ್ಕಿಡುವ ಓನರ್ ತಾನೇ ಸಾಲದಲ್ಲಿರುವ ಸಂಭವ ಹೆಚ್ಚು. ಅವರ ಮನೆ ಬ್ಯಾಂಕಿಗೆ ಅಡವಾಗಿದ್ದು ಕಂತು ನಿಂತರೆ, ನೀವು ಹಿಂದೆ ನೋಡಿದ ಅದೇ ನೋಟಿಸ್ ಈ ಬಾಗಿಲಿಗೂ ಬರುತ್ತದೆ. ಅಡಮಾನದ ನಂತರ, ನೋಂದಣಿ ಇಲ್ಲದೆ ಮಾಡಿಕೊಂಡ ಭೋಗ್ಯದ ಕರಾರು ಹಿಡಿದು ಬ್ಯಾಂಕಿನ ಎದುರು ನಿಲ್ಲಲು ಆಗುವುದಿಲ್ಲ. ಒಂದು ವರ್ಷ ಮೀರಿದ ಲೀಸ್ ಕಡ್ಡಾಯವಾಗಿ ನೋಂದಣಿ ಆಗಬೇಕು. ಎರಡು ಮೂರು ವರ್ಷದ ಭೋಗ್ಯವನ್ನು ಛಾಪಾ ಕಾಗದದ ಮೇಲೆ ಬರೆದು ಮುಗಿಸುವವರೇ ಹೆಚ್ಚು. ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಮೋಸವೂ ಇದೆ. ಮಧ್ಯದ ಸಂಸ್ಥೆಯೊಂದು ಓನರ್‌ನಿಂದ ಮನೆಯನ್ನು ಬಾಡಿಗೆಗೆ ಪಡೆದು ನಿಮಗೆ ಲೀಸಿಗೆ ಕೊಡುತ್ತದೆ, ಕೆಲವು ತಿಂಗಳ ನಂತರ ಓನರ್‌ಗೆ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ ನಿಮ್ಮ ಲಕ್ಷಗಳ ಸಮೇತ ಕಾಣೆಯಾಗುತ್ತದೆ.

ಮನೆಯವರೆಲ್ಲ ಭೋಗ್ಯವೇ ಎಂದು ಹಟ ಹಿಡಿದರೆ, ಕನಿಷ್ಠ ಇಷ್ಟು ನೋಡಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ. ಹಕ್ಕುಪತ್ರ ಇಟ್ಟು ಮಾಡಿದ ಅಡಮಾನ ಅದರಲ್ಲಿ ಕಾಣದೆ ಹೋಗಬಹುದಾದ್ದರಿಂದ, ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿಯಾದ ಸೆರ್ಸಾಯ್ ಜಾಲತಾಣದಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಿ. ಖಾತಾ, ಈ ವರ್ಷದ ತೆರಿಗೆ ರಸೀತಿ, ಓನರ್‌ನ ಗುರುತಿನ ಚೀಟಿ ಮೂರರಲ್ಲೂ ಒಂದೇ ಹೆಸರಿರಬೇಕು. ಮೂಲ ಕ್ರಯಪತ್ರ ತೋರಿಸಿ ಎಂದಾಗ "ಲಾಕರ್‌ನಲ್ಲಿದೆ, ಆಮೇಲೆ ನೋಡೋಣ" ಎಂದರೆ ಎದ್ದು ಬನ್ನಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಗೆ ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹುಡುಕುವುದು ಎಲ್ಲಿ, ಯಾವಾಗ

ದೊಡ್ಡ ಅಪಾರ್ಟ್‌ಮೆಂಟು, ಕಂಪನಿಗಳು ನಡೆಸುವ ಕೋ-ಲಿವಿಂಗ್ ಕಟ್ಟಡಗಳನ್ನು ಬಿಡಿ. ಸಾಲದ ವರದಿ ಕೇಳುವ ಸಾಧ್ಯತೆ ಇರುವುದು ಇಂಥ ಕಡೆ. ಹಳೆ ಬಡಾವಣೆಗಳ ಎರಡು ಮೂರು ಅಂತಸ್ತಿನ ಮನೆಗಳು, ಬೆಂಗಳೂರಿನಲ್ಲಾದರೆ ಲಗ್ಗೆರೆ, ಸುಂಕದಕಟ್ಟೆ, ಹೆಗ್ಗನಹಳ್ಳಿಯಂಥ ದುಡಿಯುವ ಜನರ ಪ್ರದೇಶಗಳು ನಿಮ್ಮ ಜಾಗ. ಬೆಳಿಗ್ಗೆ ನಡೆದುಕೊಂಡು ಟು-ಲೆಟ್ ಬೋರ್ಡ್ ನೋಡಿ. ಆನ್‌ಲೈನಿಗೆ ಬರುವ ಮೊದಲೇ ಹೋಗಿಬಿಡುವ ಮನೆಗಳು ಹಾಗೆ ಸಿಗುತ್ತವೆ, ಬ್ರೋಕರ್‌ಗೆ ಕೊಡುವ ಒಂದು ತಿಂಗಳ ಬಾಡಿಗೆಯೂ ಉಳಿಯುತ್ತದೆ.

ಆಷಾಢದಲ್ಲೂ ಧನುರ್ಮಾಸದಲ್ಲೂ ನಮ್ಮಲ್ಲಿ ಬಹಳ ಕುಟುಂಬಗಳು ಮನೆ ಬದಲಾಯಿಸುವುದಿಲ್ಲ. ಆ ತಿಂಗಳುಗಳಲ್ಲಿ ಖಾಲಿ ಮನೆಯ ಓನರ್ ಅಡ್ವಾನ್ಸಿನಲ್ಲಿ ಬಗ್ಗುತ್ತಾರೆ. ಶಾಲೆ ಶುರುವಾಗುವ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಅದೇ ಮನೆಗೆ ಮೂರು ಜನ ಕ್ಯೂ ನಿಂತಿರುತ್ತಾರೆ. ನಿಮ್ಮ ಮನೆಯ ಹಿರಿಯರು ಆಷಾಢ ಬೇಡ ಎಂದರೆ, ಮಾತು ಮತ್ತು ಟೋಕನ್ ಆಷಾಢದಲ್ಲಿ ಮುಗಿಸಿ, ಹಾಲು ಉಕ್ಕಿಸುವುದನ್ನು ಶ್ರಾವಣದ ಮೊದಲ ವಾರಕ್ಕೆ ಇಟ್ಟುಕೊಳ್ಳಿ. ನಡುವಿನ ದಿನಗಳ ಬಾಡಿಗೆ ಯಾರ ಪಾಲಿಗೆ ಎಂಬುದನ್ನು ಮೊದಲೇ ಮಾತಾಡಿ.

ಬ್ರೋಕರ್ ಹಿಡಿದರೆ ಅವರಿಗೆ ಹೇಳಬೇಕಾದ್ದು ಬಜೆಟ್, ಕೆಲಸ, ಎಷ್ಟು ಜನ ಎಂಬುದಷ್ಟೇ. ಸಾಲದ ಕಥೆ ಅವರ ಕಿವಿಗೆ ಬಿದ್ದರೆ ಆ ಬಡಾವಣೆಯ ಅಷ್ಟೂ ಓನರ್‌ಗಳಿಗೆ ಬೇರೆ ಬೇರೆ ರೂಪದಲ್ಲಿ ತಲುಪುತ್ತದೆ. ಆನ್‌ಲೈನಿನಲ್ಲಿ ಫೋಟೊ ಹಾಕಿ, "ನಾನು ಸೇನೆಯಲ್ಲಿದ್ದೇನೆ, ಊರಲ್ಲಿಲ್ಲ, ಕ್ಯೂಆರ್ ಕೋಡಿಗೆ ಟೋಕನ್ ಹಾಕಿ" ಎನ್ನುವವರು ವಂಚಕರು. ಮನೆಯ ಒಳಗೆ ಕಾಲಿಡದೆ ಹಣ ಹಾಕಬೇಡಿ. ಅವಸರದಲ್ಲಿರುವವರನ್ನೇ ಇವರು ಹುಡುಕುವುದು.

ಓನರ್ ಜೊತೆ ಮಾತು

ಒಂದು ಪ್ಲಾಸ್ಟಿಕ್ ಫೈಲ್ ಜೊತೆಗಿರಲಿ: ಮೂರು ತಿಂಗಳ ಸಂಬಳ ಚೀಟಿ ಅಥವಾ ನೇಮಕಾತಿ ಪತ್ರ, ಹೊಸ ಖಾತೆಯ ಸ್ಟೇಟ್‌ಮೆಂಟ್, ಹಳೆ ಮನೆಯ ಬೆಸ್ಕಾಂ ಬಿಲ್ ಕಟ್ಟಿದ ರಸೀತಿಗಳು, ಆಧಾರ್ ಪ್ರತಿ. ಸ್ವಂತ ದುಡಿಮೆಯವರು ಆದಾಯ ತೆರಿಗೆ ರಿಟರ್ನ್ ಮತ್ತು ಯುಪಿಐ ಜಮೆಯ ಪಟ್ಟಿ, ಆಟೊ ಕ್ಯಾಬ್ ಓಡಿಸುವವರು ಆ್ಯಪ್‌ನ ವಾರದ ಪಾವತಿ ವಿವರ ಇಟ್ಟುಕೊಳ್ಳಲಿ. ಆಧಾರ್ ಪ್ರತಿಯ ಮೇಲೆ "ಬಾಡಿಗೆ ಮನೆಗಾಗಿ ಮಾತ್ರ" ಎಂದು ಬರೆದು ತಾರೀಖು ಹಾಕಿ.

ಹಳೆಯದನ್ನು ಹೇಳಬೇಕೇ? ಕೇಳದೆ ಎಲ್ಲವನ್ನೂ ಒಪ್ಪಿಸುವ ಅಗತ್ಯವಿಲ್ಲ. ಕೇಳಿದಾಗ ಸುಳ್ಳು ಹೇಳಬಾರದು. "ಸ್ವಂತ ಮನೆ ಯಾಕೆ ಬಿಟ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಚಿಕ್ಕದಾಗಿರಲಿ, ಇವತ್ತಿನ ದುಡಿಮೆಯಲ್ಲಿ ಕೊನೆಯಾಗಲಿ: "ಅಂಗಡಿ ಇತ್ತು ಸರ್, ನಷ್ಟ ಆಯ್ತು. ಮನೆ ಕೊಟ್ಟು ಬ್ಯಾಂಕಿನ ಲೆಕ್ಕ ಮುಗಿಸಿದ್ವಿ. ಈಗ ನಾನು ಗಾರ್ಮೆಂಟ್ಸಲ್ಲಿ ಸೂಪರ್‌ವೈಸರ್, ನಮ್ಮನೆಯವರು ಶಾಲೆಲಿ ಕೆಲಸ ಮಾಡ್ತಾರೆ. ಒಂದನೇ ತಾರೀಖು ಸಂಬಳ, ಎರಡಕ್ಕೆ ನಿಮ್ಮ ಬಾಡಿಗೆ ಖಾತೆಗೆ ಬರುತ್ತೆ." ಲೆಕ್ಕ ಇನ್ನೂ ಮುಗಿದಿಲ್ಲವಾದರೆ "ನಡೀತಾ ಇದೆ, ಕಂತು ಕಟ್ತಾ ಇದ್ದೀವಿ" ಎನ್ನಿ. ವಯಸ್ಸಾದ ಓನರ್ ದಂಪತಿಯಾದರೆ ಇಬ್ಬರೂ ಹೋಗಿ, ನಿರ್ಧಾರ ಬಹುಪಾಲು ಮನೆಯಾಕೆಯದು, "ಅಮ್ಮಾ, ನೀರು ಎಷ್ಟೊತ್ತಿಗೆ ಬಿಡ್ತೀರಿ, ಕಸ ಎಲ್ಲಿ ಹಾಕಬೇಕು?" ಎಂದು ಕೇಳಿದವರ ಮೇಲೆ ಅವರಿಗೆ ನಂಬಿಕೆ ಬೇಗ ಬರುತ್ತದೆ.

ಅನುಮಾನ ಉಳಿದರೆ ಎರಡು ಆಸರೆ. ಒಂದು, ಅಣ್ಣನೋ ಭಾವನೋ ಕೆಲಸ ಕೊಟ್ಟ ಮಾಲೀಕರೋ ಬಾಡಿಗೆಗೆ ಜವಾಬ್ದಾರಿ ಎಂದು ಕರಾರಿನಲ್ಲಿ ಸಹಿ ಹಾಕುವುದು. ಅದಕ್ಕೆ ಮೊತ್ತದ ಮಿತಿ ಬರೆಸಿ, ಉದಾಹರಣೆಗೆ ಮೂರು ತಿಂಗಳ ಬಾಡಿಗೆಯಷ್ಟು. ಜಾಮೀನು ಎಂದರೇ ನೆಂಟರು ಹೆದರಿರುತ್ತಾರೆ. ಮಿತಿ ಇದ್ದರೆ ಒಪ್ಪುತ್ತಾರೆ. ಎರಡು, ಹೆಂಡತಿಯೋ ಗಂಡನೋ ದುಡಿಯುತ್ತಿದ್ದು ಸಾಲದಲ್ಲಿ ಸಹಿ ಹಾಕಿರದಿದ್ದರೆ, ಅವರ ಹೆಸರಿನಲ್ಲೇ ಕರಾರು, ಅವರ ಸಂಬಳದಿಂದಲೇ ಅಡ್ವಾನ್ಸ್. ಇದು ಪೂರ್ತಿ ನ್ಯಾಯವಾದದ್ದು. ನಿಮ್ಮ ಹಣವನ್ನು ಅವರ ಹೆಸರಿಗೆ ದಾಟಿಸಿ ತೋರಿಸುವುದು ಮಾತ್ರ ಹಾಗಲ್ಲ. ಸಾಲ ಕೊಟ್ಟವರು ಅದನ್ನು ರದ್ದುಮಾಡಿಸಬಹುದು.

ಯಾರಾದರೂ ವರದಿಯನ್ನೇ ಕೇಳಿದರೆ ನೀವೇ ತೆಗೆದುಕೊಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಕೊಡುವ ಮೊದಲು ಓದಿ: ಸೆಟಲ್ ಆದ ಖಾತೆಯಲ್ಲಿ ಇನ್ನೂ ಬಾಕಿ ಮೊತ್ತ ತೋರಿಸುತ್ತಿರುವುದು ಸಾಮಾನ್ಯ ತಪ್ಪು. ಬ್ಯಾಂಕಿನ ಬಾಕಿ ಇಲ್ಲ ಪತ್ರ ಲಗತ್ತಿಸಿ ದೂರು ಹಾಕಿದರೆ 30 ದಿನದೊಳಗೆ ಸರಿಪಡಿಸಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ ನಿಯಮ. "ಸೆಟಲ್ಡ್" ಎಂಬ ಗುರುತನ್ನೇ ಹಣ ಪಡೆದು ಅಳಿಸುತ್ತೇವೆ ಎನ್ನುವವರು ಮೋಸಗಾರರು. ನಿಜವಾದ ದಾಖಲೆಯನ್ನು ಯಾರೂ ಅಳಿಸಲಾರರು.

ವಸೂಲಿಯವರು ಗೇಟಿಗೆ ಬಂದರೆ

ಹೊಸ ವಿಳಾಸವನ್ನು ಬ್ಯಾಂಕಿನಿಂದ ಮುಚ್ಚಿಡಬೇಕು ಎಂದು ಅನೇಕರಿಗೆ ಅನಿಸುತ್ತದೆ. ಮುಚ್ಚಿಟ್ಟರೆ ನ್ಯಾಯಾಲಯದ ಸಮನ್ಸ್ ಹಳೆ ವಿಳಾಸಕ್ಕೆ ಹೋಗಿ, ನೀವಿಲ್ಲದೆಯೇ ತೀರ್ಪಾಗುತ್ತದೆ. ಏಜೆಂಟರು ಹೇಗೂ ಪತ್ತೆ ಹಚ್ಚುತ್ತಾರೆ, ಆಗ ಬರುವ ರೀತಿಯೂ ಒರಟಾಗಿರುತ್ತದೆ. ವಿಳಾಸವನ್ನು ನೀವೇ ಇಮೇಲ್ ಮತ್ತು ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ. ಅದೇ ಪತ್ರದಲ್ಲಿ ಬರೆಯಿರಿ: ನಾನು ಬಾಡಿಗೆದಾರ, ಮನೆ ನನ್ನದಲ್ಲ, ಪತ್ರವ್ಯವಹಾರ ಇಮೇಲಿನಲ್ಲಿರಲಿ, ಭೇಟಿ ಬೇಕಾದರೆ ಶಾಖೆಗೆ ನಾನೇ ಬರುತ್ತೇನೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಬೆದರಿಸುವುದು, ನಾಲ್ಕು ಜನರ ಎದುರು ಅವಮಾನಿಸುವುದು, ನೆಂಟರಿಗೆ, ಪರಿಚಿತರಿಗೆ ಕಾಟ ಕೊಡುವುದು ಕೂಡದು. ಓನರ್ ಬಾಗಿಲು ತಟ್ಟಿ "ನಿಮ್ಮ ಬಾಡಿಗೆದಾರ ಸಾಲಗಾರ" ಎನ್ನುವುದೂ ಇದರಲ್ಲಿ ಬರುತ್ತದೆ. ಬಂದವರ ಜೊತೆ ಮೆಟ್ಟಿಲ ಮೇಲೆ ವಾದಕ್ಕೆ ನಿಲ್ಲಬೇಡಿ. ಗೇಟಿನಾಚೆ ರಸ್ತೆಗೆ ಕರೆದುಕೊಂಡು ಹೋಗಿ, ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ಕೇಳಿ, ಫೋಟೊ ತೆಗೆದುಕೊಳ್ಳಿ, ನಗದು ಕೊಡಬೇಡಿ. ಅದೇ ದಿನ ಬ್ಯಾಂಕಿಗೆ ದೂರು ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಿ, ಮಾಹಿತಿಗೆ 14448. ಪತ್ತಿನ ಸಹಕಾರ ಸಂಘದ ಸಾಲವಾದರೆ ದೂರು ಸಹಕಾರ ಸಂಘಗಳ ನಿಬಂಧಕರಿಗೆ. ಮೀಟರ್ ಬಡ್ಡಿಯವರು, ನೋಂದಣಿ ಇಲ್ಲದ ಮೈಕ್ರೊ ಫೈನಾನ್ಸಿನವರು ಬಂದು ಹೆದರಿಸಿದರೆ ಅದು ಪೊಲೀಸರ ಕೆಲಸ. 112ಕ್ಕೆ ಕರೆ ಮಾಡಿ. ಇಂಥ ಬಲವಂತದ ವಸೂಲಿ ತಡೆಯಲೆಂದೇ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯಿದೆ ತಂದಿದೆ.

ಯಾರಾದರೂ ಬರಬಹುದು ಎಂಬ ಅನುಮಾನ ಇದ್ದರೆ ಓನರ್‌ಗೆ ಮುಂಚೆಯೇ ಒಂದು ಮಾತು ಹೇಳುವುದು ವಾಸಿ: "ಹಳೇ ಬ್ಯಾಂಕಿನವರು ಯಾರಾದ್ರೂ ಕೇಳಿಕೊಂಡು ಬಂದ್ರೆ ನನಗೆ ಫೋನ್ ಮಾಡಿ ಸರ್, ನಾನು ಮಾತಾಡ್ಕೋತೀನಿ." ಮೂರನೆಯವರ ಬಾಯಿಂದ ಕೇಳಿದಾಗ ಆಗುವ ಆಘಾತ ಆಗ ಇರುವುದಿಲ್ಲ.

ಕರಾರಿನಲ್ಲಿ ಏನಿರಬೇಕು

ಹನ್ನೊಂದು ತಿಂಗಳ ಕರಾರು ವಾಡಿಕೆ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕಳಿಸಿ, ಮೊತ್ತ, ತಾರೀಖು, ವಹಿವಾಟಿನ ಸಂಖ್ಯೆ ಮೂರನ್ನೂ ಕರಾರಿನಲ್ಲಿ ಬರೆಸಿ. ಮನೆ ಬಿಟ್ಟ ಎಷ್ಟು ದಿನದಲ್ಲಿ ವಾಪಸ್ ಎಂಬುದು ಇರಲೇಬೇಕು. ಕೀಲಿ ಕೊಟ್ಟ ದಿನವೇ ಎಂದು ಕೇಳಿ, 15 ದಿನಕ್ಕಿಂತ ಮುಂದೆ ಹೋಗಬೇಡಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಹಾಗಿದ್ದರೆ ಅಷ್ಟೇ, ಅದರ ಮೇಲೆ ಕ್ಲೀನಿಂಗ್, ರಿಪೇರಿ ಎಂದು ಸೇರಿಸುವಂತಿಲ್ಲ ಎಂದು ಬರೆಸಿ. ನೋಟಿಸ್ ಅವಧಿ ಎರಡೂ ಕಡೆಗೆ ಎರಡು ತಿಂಗಳಿರಲಿ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯಿದೆಯ 15 ದಿನದ ನೋಟಿಸೇ ಸಾಕಾಗುತ್ತದೆ, ಹದಿನೈದು ದಿನದಲ್ಲಿ ಇನ್ನೊಂದು ಮನೆ ನಿಮಗೆ ಸಿಗುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಇಲ್ಲ. ಆದ್ದರಿಂದ ನಿಮ್ಮ ರಕ್ಷಣೆ ಏನಿದ್ದರೂ ಈ ಕಾಗದದಲ್ಲೇ ಇದೆ.

ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ ಕೇಳಿದರೆ ನಯವಾಗಿ ನಿರಾಕರಿಸಿ. ಖಾತೆ ಜಪ್ತಿಯಾಗಿ ಚೆಕ್ ಹಿಂತಿರುಗಿದರೆ, ತಪ್ಪು ನಿಮ್ಮದಲ್ಲದಿದ್ದರೂ ಚೆಕ್ ಬೌನ್ಸ್ ಕೇಸಿನ ಅಲೆದಾಟ ಶುರುವಾಗುತ್ತದೆ. ಅದರ ಬದಲು ತಿಂಗಳ ಎರಡನೇ ತಾರೀಖಿಗೆ ಖಾತೆಯಿಂದ ತಾನಾಗಿ ಹೋಗುವಂತೆ ಸೂಚನೆ ಹಾಕಿ, ಅದರ ಪ್ರತಿಯನ್ನು ಓನರ್‌ಗೆ ಕೊಡಿ.

ಒಳಗೆ ಹೋದ ಮೇಲೆ

ಸಾಮಾನು ಇಡುವ ಮೊದಲೇ ಗೋಡೆ, ನಲ್ಲಿ, ಬಾತ್‌ರೂಮ್ ಟೈಲ್ಸ್, ಸ್ವಿಚ್ ಬೋರ್ಡ್, ವಿದ್ಯುತ್ ಮೀಟರಿನ ಓದು ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸಾಪಿನಲ್ಲಿ ಕಳಿಸಿ. ಹಳೆ ಮನೆಯ ಆರ್‌ಆರ್ ನಂಬರಿನಿಂದ ಗೃಹಜ್ಯೋತಿಯ ಆಧಾರ್ ಜೋಡಣೆಯನ್ನು ಸೇವಾ ಸಿಂಧುವಿನಲ್ಲಿ ಬಿಡಿಸಿ, ಹೊಸ ಮನೆಯ ಮೀಟರಿಗೆ ಜೋಡಿಸಿ. ಬಾಡಿಗೆದಾರರಿಗೂ ಈ ಸೌಲಭ್ಯ ಇದೆ. ಹಿಂದಿನ ಬಾಡಿಗೆದಾರರು ಜೋಡಣೆ ಬಿಡಿಸಿಲ್ಲವಾದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಅಡ್ವಾನ್ಸ್ ಕೊಡುವಾಗಲೇ ಇದನ್ನು ಕೇಳಿ.

ಪ್ರತಿ ತಿಂಗಳ ಬಾಡಿಗೆಗೆ ತಿಂಗಳ ಹೆಸರು ಬರೆದು ಕಳಿಸಿ, ವರ್ಷದ ರಸೀತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಒಂದು ತಿಂಗಳು ತಡವಾಗುವುದು ಖಚಿತವಾದರೆ ತಾರೀಖು ಮೀರುವ ಮೊದಲೇ ಹೇಳಿ, ಅರ್ಧವಾದರೂ ಅದೇ ದಿನ ಹಾಕಿ. ಒಂಬತ್ತನೇ ತಿಂಗಳಲ್ಲಿ ಮುಂದುವರಿಸುವ ಮಾತು ನೀವೇ ತೆಗೆಯಿರಿ. ಶೇ. 5ರ ಏರಿಕೆಗೆ ಒಪ್ಪಿಕೊಂಡು, ಹೊಸ ಕರಾರಿನ ಜೊತೆಗೆ "ಇಷ್ಟು ತಿಂಗಳು ಬಾಡಿಗೆ ಸಕಾಲಕ್ಕೆ ಬಂದಿದೆ" ಎಂಬ ಒಂದು ಸಾಲಿನ ಪತ್ರಕ್ಕೆ ಓನರ್‌ರ ಸಹಿ ಪಡೆಯಿರಿ. ಮುಂದಿನ ಮನೆಗೆ ಹೋಗುವಾಗ ಫೈಲಿನ ಮೊದಲ ಹಾಳೆ ಅದೇ ಆಗಿರಲಿ.